ಹಳೆಯ ಬೋಟು ಮಾರುವ ಮುಂಚೆ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ 12 ಹೊಳೆಗಳಿವೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹೊಳೆ ಬದಿಯ ತೋಟಗಳಲ್ಲಿ, ವಲಿಯಪರಂಬದ ಹಿನ್ನೀರಿನ ಹೋಂಸ್ಟೇಗಳಲ್ಲಿ, ಗಲ್ಫಿನಿಂದ ಊರಿಗೆ ಬಂದವರ ಅಂಗಳದಲ್ಲಿ ಖುಷಿಗೆ ಅಂತ ಕೊಂಡ ಫೈಬರ್ ಬೋಟುಗಳಿವೆ. ಅವುಗಳಲ್ಲಿ ಎಷ್ಟೋ ಈಗ ಟಾರ್ಪಾಲಿನಡಿ ಸುಮ್ನೆ ಕೂತಿವೆ. ಮಾರಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಇಲ್ಲಿ ಹೇಳುತ್ತಿರುವುದು ಔಟ್‌ಬೋರ್ಡ್ ಎಂಜಿನ್, ಅಂದರೆ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ಎಂಜಿನ್ ಇರುವ ಚಿಕ್ಕ ಬೋಟುಗಳ ಬಗ್ಗೆ. ಹೌಸ್‌ಬೋಟಿನ ಲೆಕ್ಕ ಬೇರೆ, ಮೀನುಗಾರಿಕೆ ಬೋಟಿನ ಲೆಕ್ಕವೂ ಬೇರೆ.

ಮಾರಲು ಒಳ್ಳೆಯ ಸಮಯ ಯಾವುದು?

ದಸರಾ ಕಳೆದ ಮೇಲೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹೊಳೆ ತಿಳಿಯಾಗಿರುತ್ತದೆ, ಸಮುದ್ರ ಶಾಂತವಾಗಿರುತ್ತದೆ, ಕೊಂಡವರಿಗೆ ಮುಂದೆ ಪೂರ್ತಿ ಬೇಸಿಗೆ ಸಿಗುತ್ತದೆ. ಪತ್ತನಾಜೆ (ಮೇ ಕೊನೆಯ ವಾರ) ಹತ್ತಿರ ಬಂದ ಮೇಲೆ ಮಾರಲು ಹೊರಟರೆ ಬೆಲೆ ಬಿದ್ದಿರುತ್ತದೆ. ಯಾಕೆಂದರೆ ಕೊಂಡವರು ಮಳೆಗಾಲವಿಡೀ ಅದನ್ನು ಇಟ್ಟುಕೊಂಡು ಕಾಯಬೇಕು. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ಯಾಂತ್ರಿಕ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಇರುತ್ತದೆ. ಅದು ನಿಮ್ಮ ಬೋಟಿಗೆ ಸಂಬಂಧಿಸಿದ್ದಲ್ಲ. ಆದರೂ ಆ ದಿನಗಳಲ್ಲಿ ಎಂಜಿನ್ ಮೆಕ್ಯಾನಿಕ್‌ಗಳ ಹತ್ತಿರ ಮೀನುಗಾರರ ಎಂಜಿನ್‌ಗಳು ಸಾಲುಗಟ್ಟಿರುತ್ತವೆ, ನಿಮ್ಮದಕ್ಕೆ ಕೈಹಾಕಲು ಅವರಿಗೆ ಪುರುಸೊತ್ತು ಇರುವುದಿಲ್ಲ. ರಿಪೇರಿ ಇದ್ದರೆ ಏಪ್ರಿಲ್‌ನಲ್ಲೇ ಮುಗಿಸಿಡಿ.

ಬೆಲೆ ಎಷ್ಟು ಹೇಳಲಿ?

ಕಾರಿಗೆ ಇರುವ ಹಾಗೆ ಬೋಟಿಗೆ ಮಾರ್ಕೆಟ್ ರೇಟ್ ಅಂತ ಇಲ್ಲ. ಚಿಕ್ಕ ಬೋಟಿನಲ್ಲಿ ಬೆಲೆಯ ದೊಡ್ಡ ಪಾಲು ಎಂಜಿನ್‌ದು. ಮೊದಲು ಅದೇ ಎಚ್‌ಪಿಯ ಹೊಸ ಎಂಜಿನ್‌ಗೆ ಇವತ್ತು ಎಷ್ಟಾಗುತ್ತದೆ ಅಂತ ಮಂಗಳೂರಿನ ಅಥವಾ ಕಣ್ಣೂರಿನ ಡೀಲರ್ ಹತ್ತಿರ ಕೇಳಿ. ನೀವು ಕೊಂಡಾಗಿನ ಬಿಲ್ ನೋಡಿ ಲೆಕ್ಕ ಹಾಕಬೇಡಿ. ಆಮೇಲೆ ಎಂಜಿನ್ ಎಷ್ಟು ವರ್ಷದ್ದು, ಎಷ್ಟು ಗಂಟೆ ಓಡಿದೆ, ಉಪ್ಪುನೀರಿನಲ್ಲಿ ಓಡಿದ್ದೋ ಸಿಹಿನೀರಿನಲ್ಲೋ ನೋಡಿ ಇಳಿಸುತ್ತಾ ಬನ್ನಿ. ಫೈಬರ್ ಮೈ ಚೆನ್ನಾಗಿದ್ದರೆ ಅದು ಎಂಜಿನ್‌ಗಿಂತ ಜಾಸ್ತಿ ಕಾಲ ಬಾಳುತ್ತದೆ, ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟಿ.

ನೀವು ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಬಣ್ಣದ ಲೈಟು, ಕುಶನ್ ಸೀಟು ಇವಕ್ಕೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ. ಕೊಳ್ಳುವವರು ಎಂಜಿನ್ ನೋಡಿ ದುಡ್ಡು ಕೊಡುತ್ತಾರೆ.

ಯಾವ ಯಾವ ಕಾಗದ ತೆಗೆದಿಡಬೇಕು?

ನೋಂದಣಿ ಪತ್ರ, ಸರ್ವೆ ಸರ್ಟಿಫಿಕೇಟ್ (ಬೋಟು ಓಡಿಸಲು ಯೋಗ್ಯ ಅಂತ ತಪಾಸಣೆ ಮಾಡಿ ಕೊಟ್ಟ ಪತ್ರ), ಇನ್ಶೂರೆನ್ಸ್ ಪಾಲಿಸಿ, ಬೋಟಿನ ಮತ್ತು ಎಂಜಿನ್‌ನ ಮೂಲ ಬಿಲ್‌ಗಳು. ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕಿನಿಂದ ಸಾಲ ತೀರಿದ ಪತ್ರ. ಸಾಲ ತೀರಿದರೆ ಸಾಕಾಗುವುದಿಲ್ಲ, ನೋಂದಣಿಯಲ್ಲಿ ಬ್ಯಾಂಕಿನ ಹೆಸರು ಬರೆದಿದ್ದರೆ ಅದನ್ನೂ ತೆಗೆಸಬೇಕು.

ಹೊಳೆ, ಹಿನ್ನೀರಿನಲ್ಲಿ ಓಡುವ ಎಂಜಿನ್ ಬೋಟುಗಳಿಗೆ ಈಗ ಇರುವುದು 2021ರ ಒಳನಾಡು ಜಲಯಾನಗಳ ಕಾಯ್ದೆ. ಬ್ರಿಟಿಷರ ಕಾಲದ 1917ರ ಕಾಯ್ದೆಯನ್ನು ತೆಗೆದು ಇದನ್ನು ತಂದರು. ನಮ್ಮಲ್ಲಿ ಇದರ ಕೆಲಸ ನೋಡುವುದು ಕೇರಳ ಮ್ಯಾರಿಟೈಮ್ ಬೋರ್ಡ್. ಅಳಿವೆ ದಾಟಿ ಸಮುದ್ರಕ್ಕೆ ಹೋಗುವ ಬೋಟಿಗೆ ಮರ್ಚೆಂಟ್ ಶಿಪ್ಪಿಂಗ್ ಕಾನೂನು ಬರುತ್ತದೆ. 1958ರ ಆ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಪಾಸು ಮಾಡಿದೆ. ನಿಮ್ಮ ಬೋಟು ಯಾವುದರ ಅಡಿ ನೋಂದಣಿಯಾಗಿದೆ ಅಂತ ಪತ್ರ ತೆಗೆದು ನೋಡಿಕೊಳ್ಳಿ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ "ಇದು ಹೊಳೆಗೆ ಮಾತ್ರವಾ, ಕಡಲಿಗೂ ಹೋಗಬಹುದಾ" ಅನ್ನುವುದೇ.

ಎಂಜಿನ್ ಬದಲಾಯಿಸಿದ್ದೇನೆ. ನೋಂದಣಿ ಪತ್ರದಲ್ಲಿ ಹಳೆಯ ಎಂಜಿನ್ ನಂಬರೇ ಇದೆ. ತೊಂದರೆ ಆಗುತ್ತಾ?

ಆಗುತ್ತದೆ. ಎಲ್ಲ ಮಾತುಕತೆ ಮುಗಿದ ಮೇಲೆ ವ್ಯಾಪಾರ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ. ಎಂಜಿನ್ ನಂಬರಿನ ಚಿಕ್ಕ ತಗಡು ಅಥವಾ ಸ್ಟಿಕ್ಕರ್ ಬೋಟಿನ ಹಿಂಬದಿಗೆ ಎಂಜಿನ್ ಕಚ್ಚಿಕೊಳ್ಳುವ ಬ್ರ್ಯಾಕೆಟ್ ಮೇಲೆ ಇರುತ್ತದೆ. ಉಪ್ಪು ತಿಂದು ಮಸುಕಾಗಿದ್ದರೆ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಮೆತ್ತಗೆ ಒರೆಸಿ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಅಂಕಿ ಹೋದರೆ ಕದ್ದ ಎಂಜಿನ್ ಅಂತಲೇ ಅನುಮಾನ ಬರುತ್ತದೆ. ಆ ನಂಬರನ್ನು ನೋಂದಣಿ ಪತ್ರದ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ಕುಂಬಳೆ ಕಡೆಯ ಒಂದು ವ್ಯಾಪಾರದಲ್ಲಿ ಎಂಜಿನ್ ಅದೇ, ಮಾಲಿಕರೂ ಅದೇ, ಆದರೆ ಪತ್ರದಲ್ಲಿ ಎರಡು ಅಂಕಿ ಅದಲುಬದಲಾಗಿ ಟೈಪ್ ಆಗಿತ್ತು. ಅಷ್ಟಕ್ಕೇ ಕೊಳ್ಳಲು ಬಂದವರು ಅಡ್ವಾನ್ಸ್ ವಾಪಸ್ ತಗೊಂಡು ಹೋದರು.

ನಂಬರ್ ತಪ್ಪಿದ್ದರೆ, ಎಂಜಿನ್ ಬದಲಾಗಿದ್ದರೆ, ಜಾಹೀರಾತು ಹಾಕುವ ಮೊದಲೇ ಹೊಸ ಎಂಜಿನ್‌ನ ಬಿಲ್ ಕೊಟ್ಟು ಪತ್ರ ಸರಿಮಾಡಿಸಿ. ಅದನ್ನು ಕೊಳ್ಳುವವರ ತಲೆಗೆ ಕಟ್ಟಬೇಡಿ.

ಬೋಟಿಗೆ ನೋಂದಣಿಯೇ ಇಲ್ಲ. ಯಾರೋ "ಫಿಶಿಂಗ್ ಬೋಟ್ ಅಂತ ಮಾಡಿಸು, ಸುಲಭ" ಅಂದರು.

ಬೇಡ. ಮೀನುಗಾರಿಕೆ ಬೋಟುಗಳ ನೋಂದಣಿ ನಿಜವಾಗಿ ಮೀನು ಹಿಡಿಯುವವರಿಗಾಗಿ ಇರುವುದು. ಖುಷಿಗೆ ಓಡಿಸುವ ಬೋಟನ್ನು ಅದರಲ್ಲಿ ಸೇರಿಸಿದರೆ ಸುಳ್ಳು ಹೇಳಿಕೆ ಕೊಟ್ಟ ಹಾಗಾಗುತ್ತದೆ. ಅದನ್ನು ಕೊಂಡವರು ನಾಳೆ ಜನ ಕೂರಿಸಿ ಓಡಿಸಿದರೆ ಏನಾಗಬಹುದು ಅಂತ ನಾವು ಕಣ್ಣಾರೆ ನೋಡಿದ್ದೇವೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮುಳುಗಿದ್ದು ಮೀನುಗಾರಿಕೆ ಬೋಟನ್ನು ಪ್ರವಾಸಿ ಬೋಟಾಗಿ ಬದಲಾಯಿಸಿದ್ದು. 22 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು.

ನೋಂದಣಿ ಇಲ್ಲದ ಬೋಟಿಗೆ ಎರಡೇ ದಾರಿ. ಬಂದರು ಕಚೇರಿಗೆ ಹೋಗಿ, ಸರ್ವೆ ಮಾಡಿಸಿ, ಸರಿಯಾದ ನೋಂದಣಿ ಮಾಡಿಸಿಕೊಂಡು ಮಾರಿ. ಇಲ್ಲವೇ "ನೋಂದಣಿ ಇಲ್ಲ, ನೀರಿಗೆ ಇಳಿಸುವ ಮೊದಲು ನೀವೇ ಮಾಡಿಸಬೇಕು" ಅಂತ ಮಾರಾಟ ಪತ್ರದಲ್ಲೇ ಬರೆದು, ಅದಕ್ಕೆ ತಕ್ಕ ಹಾಗೆ ಬೆಲೆ ಇಳಿಸಿ. ನನ್ನ ಮಟ್ಟಿಗೆ ಮೊದಲನೆಯದೇ ಒಳ್ಳೆಯದು. ಓಡಾಟ ಜಾಸ್ತಿ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಮಾರುವ ಮೊದಲು ಏನೇನು ರಿಪೇರಿ ಮಾಡಿಸಲಿ?

ಚಿಕ್ಕದನ್ನು ಮಾಡಿಸಿ, ದೊಡ್ಡದನ್ನು ಹೇಳಿ ಮಾರಿ. ಬ್ಯಾಟರಿ ಹೋಗಿದ್ದರೆ ಹೊಸದು ಹಾಕಿ. ಸ್ಪಾರ್ಕ್ ಪ್ಲಗ್, ಫ್ಯುಯೆಲ್ ಫಿಲ್ಟರ್, ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್, ಗೇರ್ ಆಯಿಲ್ ಇವನ್ನು ಬದಲಿಸಿ, ಬಿಲ್ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಕೊನೆಗೆ ನೀರಿನ ಜೊತೆ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ನಮ್ಮ ಕರಾವಳಿಯ ಆಟಿ ತಿಂಗಳಿನ ತೇವ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಆ ಪೆಟ್ರೋಲಿನಲ್ಲಿ ಎಂಜಿನ್ ಸ್ಟಾರ್ಟ್ ಆಗದೆ ಕೆಮ್ಮಿದರೆ, ಒಳ್ಳೆಯ ಎಂಜಿನ್ ಕೂಡ ಕೊಳ್ಳುವವರ ಕಣ್ಣಿಗೆ ಕೆಟ್ಟದ್ದಾಗಿ ಕಾಣುತ್ತದೆ.

ಬೋಟಿನ ಮೈಗೆ ಹೊಸ ಪೇಂಟ್ ಮಾತ್ರ ಮಾಡಿಸಬೇಡಿ. ತೊಳೆದು, ಪಾಚಿ ಕೆರೆದು, ಪಾಲಿಶ್ ಹಾಕಿದರೆ ಸಾಕು. ಮಾರುವ ಮುನ್ನಾದಿನ ಪೇಂಟ್ ಆದ ಬೋಟು ನೋಡಿದರೆ ತಿಳಿದವರು ಅದರಡಿ ಏನು ಮುಚ್ಚಿಟ್ಟಿದ್ದಾರೆ ಅಂತಲೇ ಹುಡುಕುತ್ತಾರೆ.

ಅಂಗಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುವವರು ನೀರಿನ ಪೈಪ್ ಜೋಡಿಸದೆ ಒಂದು ಕ್ಷಣವೂ ಓಡಿಸಬೇಡಿ. ಇಂಪೆಲ್ಲರ್ ತಣ್ಣಗಿರುವುದು ನೀರಿನಿಂದಲೇ. ಒಣಗಿ ತಿರುಗಿದರೆ ನೋಡುನೋಡುತ್ತಿದ್ದಂತೆ ರಬ್ಬರ್ ಸುಟ್ಟುಹೋಗುತ್ತದೆ.

ಕೊಳ್ಳುವವರು ಮೆಕ್ಯಾನಿಕ್ ಕರೆತರುತ್ತಾರಂತೆ. ಅವರು ಏನು ನೋಡುತ್ತಾರೆ?

ಒಳ್ಳೆಯ ಮೆಕ್ಯಾನಿಕ್ ಬಂದರೆ ಖುಷಿಪಡಿ. ಅರೆಬರೆ ತಿಳಿದವರ ಜೊತೆ ವ್ಯಾಪಾರ ಮಾಡುವುದಕ್ಕಿಂತ ಅದು ಸುಲಭ.

ಅವರು ಮೊದಲು ಎಂಜಿನ್ ಮೇಲೆ ಕೈಯಿಟ್ಟು ನೋಡುತ್ತಾರೆ. ಬಿಸಿ ಇದ್ದರೆ ನೀವು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದೀರಿ ಅಂತ ಅರ್ಥ. ಅದಕ್ಕೇ ಅವರು ಬರುವ ಮುಂಚೆ ಎಂಜಿನ್ ಮುಟ್ಟಬೇಡಿ, ತಣ್ಣಗಿದ್ದಾಗಲೇ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ಅವರೇ ನೋಡಲಿ. ಆಮೇಲೆ ಕೆಳಗಿನ ಗೇರ್ ಭಾಗದ ಸ್ಕ್ರೂ ಸ್ವಲ್ಪ ಸಡಿಲಿಸಿ ಎಣ್ಣೆ ಬೆರಳಿಗೆ ತಗೊಳ್ಳುತ್ತಾರೆ. ಎಣ್ಣೆ ತಿಳಿಯಾಗಿದ್ದರೆ ಸರಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಸೋರಿ ಒಳಗೆ ನೀರು ಹೋಗಿದೆ. ನೀವು ಎಣ್ಣೆ ಬದಲಿಸುವಾಗಲೇ ಅದು ಗೊತ್ತಾಗಿರುತ್ತದೆ. ಹೊಸ ಎಣ್ಣೆ ಹಾಕಿ ಸುಮ್ಮನಾದರೆ ಎರಡು ಸಲ ಓಡಿಸಿದ ಮೇಲೆ ಮತ್ತೆ ಅದೇ ಬಣ್ಣ ಬರುತ್ತದೆ. ಸೀಲ್ ಹಾಕಿಸಿಯೇ ಮಾರಿ.

ಪ್ಲಗ್ ತೆಗೆದು ಪ್ರತಿ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ ಅಳೆಯುತ್ತಾರೆ. ಅಲ್ಲಿ ಬರುವ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದಕ್ಕೊಂದು 10ರಿಂದ 15% ಒಳಗಿದ್ದರೆ ಚಿಂತೆಯಿಲ್ಲ. ಸ್ಟಾರ್ಟ್ ಆದ ಮೇಲೆ ಎಂಜಿನ್ ಹಿಂದಿನಿಂದ ಸಣ್ಣ ಎಳೆಯಾಗಿ ನೀರು ಚಿಮ್ಮಬೇಕು. ಅದು ನಿಂತು ನಿಂತು ಬಂದರೆ ತಂಪು ಮಾಡುವ ದಾರಿ ಉಪ್ಪಿನಿಂದ ಕಟ್ಟಿದೆ, ಇಲ್ಲವೇ ಇಂಪೆಲ್ಲರ್ ಹೋಗಿದೆ.

ಎಂಜಿನ್ ಕೆಳಭಾಗದಲ್ಲಿರುವ ಸತುವಿನ ತುಂಡನ್ನೂ ನೋಡುತ್ತಾರೆ. ಉಪ್ಪುನೀರು ಎಂಜಿನ್‌ನ ಲೋಹ ತಿನ್ನುವ ಬದಲು ಇದನ್ನು ತಿನ್ನಲಿ ಅಂತ ಹಾಕಿರುವುದು. ಅದು ಅರ್ಧ ಸವೆದಿದ್ದರೆ ನಾಚಬೇಡಿ, ಕೆಲಸ ಮಾಡಿದೆ ಅಂತ ಲೆಕ್ಕ. ವರ್ಷಗಟ್ಟಲೆ ಉಪ್ಪುನೀರಿನಲ್ಲಿದ್ದೂ ಹೊಸದರಂತೆ ಇದ್ದರೆ ಯಾರೋ ಅದರ ಮೇಲೆ ಪೇಂಟ್ ಬಳಿದಿರಬಹುದು.

ಕೊನೆಗೆ ಟ್ರಾನ್ಸಮ್, ಅಂದರೆ ಎಂಜಿನ್ ಕೂರುವ ಹಿಂಬದಿ ಹಲಗೆ. ಹೊರಗೆ ಫೈಬರ್ ಕಂಡರೂ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಇಳಿದರೆ ಅದು ಒಳಗೊಳಗೇ ಕೊಳೆಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ಇರುವ ಕಡೆ ಟಕ್ ಟಕ್ ಅನ್ನುತ್ತದೆ, ಕೊಳೆತ ಕಡೆ ಮಂಕು ಸದ್ದು ಬರುತ್ತದೆ. ತಿಳಿದ ಮೆಕ್ಯಾನಿಕ್ ಎಂಜಿನ್‌ನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ, ಹಲಗೆ ಬಾಗುತ್ತದಾ, ಬೋಲ್ಟ್ ಸುತ್ತ ಕಂದು ನೀರು ಒಸರುತ್ತದಾ ಅಂತ ನೋಡುತ್ತಾರೆ. ಅವರು ಬರುವ ವಾರ ಮೊದಲೇ ನೀವೂ ಇದನ್ನು ಮಾಡಿ ನೋಡಿ.

ಇರುವ ದೋಷವನ್ನೆಲ್ಲ ಹೇಳಲೇಬೇಕಾ? "ಇದ್ದ ಹಾಗೆ ಕೊಟ್ಟಿದ್ದೇನೆ" ಅಂತ ಬರೆದರೆ ಸಾಲದಾ?

ಕೊಳ್ಳುವವರೇ ನೋಡಿ ಕೊಳ್ಳಬೇಕು ಅನ್ನುವುದು 1930ರ ಸರಕು ಮಾರಾಟ ಕಾಯ್ದೆಯ ಸಾಮಾನ್ಯ ನಿಯಮ. ಆದರೆ ಕೇಳಿದಾಗ ಸುಳ್ಳು ಹೇಳಿದರೆ, ಬೇಕೆಂದೇ ದೋಷ ಮುಚ್ಚಿಟ್ಟರೆ, 1872ರ ಕರಾರು ಕಾಯ್ದೆಯಲ್ಲಿ ಅದು ವಂಚನೆ. "ಇದ್ದ ಹಾಗೆ" ಅನ್ನುವ ಒಂದು ಸಾಲು ನಿಮ್ಮನ್ನು ಆಗ ಕಾಪಾಡುವುದಿಲ್ಲ.

ಕಾನೂನು ಒಂದು ಕಡೆ ಇರಲಿ. ಕೆಟ್ಟ ಕಾರು ರಸ್ತೆ ಬದಿ ನಿಲ್ಲುತ್ತದೆ. ಟ್ರಾನ್ಸಮ್ ಕೊಳೆತ ಬೋಟು ಹೊಳೆ ನಡುವೆ, ಮಕ್ಕಳನ್ನು ಕೂರಿಸಿಕೊಂಡಿದ್ದಾಗ ಎಂಜಿನ್ ಸಮೇತ ಕಿತ್ತುಬರಬಹುದು. ಗೊತ್ತಿರುವುದನ್ನೆಲ್ಲ ಹೇಳಿ. ಹೇಳಿದ್ದನ್ನು ಮಾರಾಟ ಪತ್ರದಲ್ಲಿ ಬರೆಯಿರಿ. "ಎಡಬದಿ ತಳದಲ್ಲಿ ಫೈಬರ್ ಪ್ಯಾಚ್ ಹಾಕಿದೆ, ಎಂಜಿನ್ ಎತ್ತಿ ಇಳಿಸುವ ಟ್ರಿಮ್ ಮೋಟಾರ್ ನಿಧಾನ" ಹೀಗೆ. ಆಮೇಲೆ ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದು ಜಗಳ ಮಾಡುವುದಿಲ್ಲ.

ಜಾಹೀರಾತು ಎಲ್ಲಿ ಹಾಕಲಿ?

ನಮ್ಮ ಕಡೆ ಇಂಥ ಬೋಟು ಕೊಳ್ಳುವವರು ಕಡಿಮೆ. ರೆಸಾರ್ಟಿನವರು, ಹೊಳೆ ಬದಿ ತೋಟ ಇರುವವರು, ಮಂಗಳೂರು ಮಲ್ಪೆ ಕಡೆ ಗಾಳ ಹಾಕುವ ಹವ್ಯಾಸದವರು. ಓಎಲ್‌ಎಕ್ಸ್, ಫೇಸ್‌ಬುಕ್‌ನಲ್ಲಿ ಹಾಕಿ. ಆದರೆ ಊರಿನ ಎಂಜಿನ್ ಮೆಕ್ಯಾನಿಕ್‌ಗೆ, ಫೈಬರ್ ಯಾರ್ಡಿನವರಿಗೆ ಒಂದು ಮಾತು ಹೇಳಿಡಿ. ನಿಜವಾದ ಗಿರಾಕಿ ಬರುವುದು ಹೆಚ್ಚಾಗಿ ಅವರ ಮೂಲಕ.

ಸೂರ್ಯಾಸ್ತದ ಎದುರು ತೆಗೆದ ಫೋಟೋ ಒಂದು ಸಾಕು. ಉಳಿದವು ತಳದ್ದು, ಟ್ರಾನ್ಸಮ್‌ನದ್ದು, ಮುಚ್ಚಳ ತೆಗೆದ ಎಂಜಿನ್‌ನದ್ದು, ಗಂಟೆ ತೋರಿಸುವ ಮೀಟರಿನದ್ದು ಇರಲಿ. ನೋಂದಣಿ ಪತ್ರ, ಆಧಾರ್ ಇವುಗಳ ಫೋಟೋ ಹಾಕಬೇಡಿ.

"ಲಾಸ್ಟ್ ಎಷ್ಟು?" ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ಏನು ಉತ್ತರ ಕೊಡಲಿ?

ಬೋಟು ನೋಡದವರ ಜೊತೆ ಚೌಕಾಸಿ ಮಾಡಬೇಡಿ. "ಬಂದು ನೋಡಿ, ಆಮೇಲೆ ಮಾತಾಡೋಣ" ಅಂದರೆ ಸಾಕು.

ಅದೇ ಉಸಿರಿನಲ್ಲಿ ಇನ್ನೊಂದು ಎಚ್ಚರಿಕೆ. "ನಾನು ಸೈನ್ಯದಲ್ಲಿದ್ದೇನೆ, ನೋಡುವುದು ಬೇಡ, ಈಗಲೇ ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದರೆ ಅದು ಮೋಸ. ದುಡ್ಡು ಬರಬೇಕಾದರೆ ನೀವು ಸ್ಕ್ಯಾನ್ ಮಾಡಬೇಕಾಗಿಲ್ಲ, ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡು.

ಟ್ರಯಲ್ ಕೊಡುವುದು ಹೇಗೆ?

ಬೆಲೆ ಹೆಚ್ಚುಕಮ್ಮಿ ಒಪ್ಪಿಗೆಯಾದ ಮೇಲೆ, ಹಗಲು ಹೊತ್ತಿನಲ್ಲಿ, ಉಬ್ಬರದ ವೇಳೆ ನೋಡಿ. ಇಳಿತದಲ್ಲಿ ನಮ್ಮ ಹೊಳೆಗಳ ಮರಳದಿಣ್ಣೆಗೆ ಪ್ರೊಪೆಲ್ಲರ್ ತಾಗಿದರೆ ವ್ಯಾಪಾರವೂ ಹೋಯಿತು, ಪ್ರೊಪೆಲ್ಲರೂ ಹೋಯಿತು. ಬೋಟು ಹತ್ತುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ ಹಾಕಲೇಬೇಕು. "ನನಗೆ ಈಜು ಬರುತ್ತದೆ" ಅನ್ನುವವರನ್ನು ದಡದಲ್ಲೇ ಬಿಡಿ. ಚುಕ್ಕಾಣಿ ನಿಮ್ಮ ಕೈಯಲ್ಲಿರಲಿ. ತೆರೆದ ಜಾಗಕ್ಕೆ ಬಂದ ಮೇಲೆ ಸ್ವಲ್ಪ ಹೊತ್ತು ಅವರಿಗೆ ಕೊಡಿ. ನಿಧಾನ, ಮಧ್ಯಮ, ಪೂರ್ತಿ ವೇಗ, ರಿವರ್ಸ್ ಎಲ್ಲ ತೋರಿಸಿ. ಟ್ರಯಲ್ ಅಂತ ಅಳಿವೆ ದಾಟಬೇಡಿ. ಹೊಳೆಯೂ ಕಡಲೂ ಸೇರುವ ಜಾಗದ ಅಲೆ ಯಾರ ಮಾತೂ ಕೇಳುವುದಿಲ್ಲ.

ದುಡ್ಡು ಹೇಗೆ ತಗೊಳ್ಳಲಿ? ನಗದು ಕೊಡುತ್ತೇನೆ ಅನ್ನುತ್ತಾರೆ.

ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ. 2017ರ ಏಪ್ರಿಲ್‌ನಿಂದ ಈ ನಿಯಮ ಇದೆ. ಕಂತು ಕಂತಾಗಿ ಒಡೆದು ತಗೊಂಡರೂ ವ್ಯವಹಾರ ಒಂದೇ. ಮುರಿದರೆ ತಗೊಂಡಷ್ಟೇ ಮೊತ್ತದ ದಂಡ ಬೀಳುವುದು ತಗೊಂಡವರಿಗೆ, ಅಂದರೆ ನಿಮಗೆ. 2 ಲಕ್ಷಕ್ಕಿಂತ ಮೇಲಾದರೆ ಆರ್‌ಟಿಜಿಎಸ್ ಮಾಡಿಸಿ. ಡಿಡಿ ತಂದರೆ ನಿಮ್ಮ ಬ್ಯಾಂಕಿನಲ್ಲಿ ಹಾಕಿ ದುಡ್ಡು ಜಮಾ ಆಗುವವರೆಗೆ ಕಾಯಿರಿ. ಖಾತೆಗೆ ಬಿದ್ದ ಮೇಲೆಯೇ ಬೋಟು ಕಡವು ಬಿಡಬೇಕು.

ಅಡ್ವಾನ್ಸ್ ತಗೊಂಡರೆ ರಸೀದಿ ಕೊಡಿ. ಬಾಕಿ ಯಾವ ತಾರೀಕಿನೊಳಗೆ, ಅವರು ಹಿಂದೆ ಸರಿದರೆ ಏನು, ನೀವು ಹಿಂದೆ ಸರಿದರೆ ಏನು ಅಂತ ಅದರಲ್ಲೇ ಇರಲಿ. "ಬೋಟು ಈಗ ಕೊಡಿ, ಬಾಕಿ ತಿಂಗಳು ತಿಂಗಳು ಕೊಡುತ್ತೇನೆ" ಅಂದರೆ ಬೇಡ ಅನ್ನಿ.

ಮಾರಾಟ ಪತ್ರ ಕನ್ನಡದಲ್ಲಿ ಇರಬಹುದಾ?

ಇರಬಹುದು. ಕಾಸರಗೋಡಿನ ಕನ್ನಡಿಗರು ರಾಜ್ಯ ಸರ್ಕಾರದ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶವಿದೆ. ಕಚೇರಿಗೆ ಅರ್ಜಿ ಕನ್ನಡದಲ್ಲಿ ಕೊಡಿ, ಹಿಂಜರಿಯಬೇಡಿ. ಈ ಹಕ್ಕು ಬಳಸದೆ ಬಿಟ್ಟರೆ ಹೋಗಿಯೇ ಬಿಡುತ್ತದೆ.

ಮಾರಾಟ ಪತ್ರ ಮಾತ್ರ ಕೊಳ್ಳುವವರ ಊರಿಗೂ, ಅವರ ಬ್ಯಾಂಕು, ಇನ್ಶೂರೆನ್ಸಿಗೂ ಹೋಗಬೇಕಾಗುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಒಂದು, ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಇನ್ನೊಂದು ಮಾಡಿ ಎರಡಕ್ಕೂ ಸಹಿ ಹಾಕುವುದು ಅನುಕೂಲ. ನಿಮಗೆ ಮಲಯಾಳ ಓದಲು ಬಾರದಿದ್ದರೆ ಮಲಯಾಳದ ಕಾಗದಕ್ಕೆ "ಎಲ್ಲ ಸರಿ ಇದೆ, ಸಹಿ ಹಾಕಿ" ಅಂದರೆಂದು ಸಹಿ ಹಾಕಬೇಡಿ, ಯಾರೇ ಹೇಳಲಿ.

ಪತ್ರದಲ್ಲಿ ಇಬ್ಬರ ಹೆಸರು ವಿಳಾಸ, ಬೋಟಿನ ನೋಂದಣಿ ನಂಬರ್, ಉದ್ದ ಅಗಲ, ಎಂಜಿನ್ ನಂಬರ್, ಜೊತೆಗೆ ಕೊಟ್ಟ ಸಾಮಾನುಗಳು, ಹೇಳಿದ ದೋಷಗಳು, ಬೆಲೆ, ದುಡ್ಡು ಬಂದ ದಾರಿ ಇರಲಿ. ಬೋಟು ಕೈಬದಲಾದ ತಾರೀಕಿನ ಜೊತೆ ಗಂಟೆಯನ್ನೂ ಬರೆಯಿರಿ. ಆ ದಿನ ಸಂಜೆಯೇ ಏನಾದರೂ ಆದರೆ ಬೋಟು ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ.

ಕೊಂಡವರು "ಹೆಸರು ಬದಲಾವಣೆ ಆಮೇಲೆ ನಾನೇ ಮಾಡಿಸುತ್ತೇನೆ" ಅನ್ನುತ್ತಾರೆ. ಬಿಡಬಹುದಾ?

ಬಿಡಬೇಡಿ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬೋಟು ಕೊಟ್ಟು ದುಡ್ಡು ತಗೊಂಡ ಮೇಲೂ ಸರ್ಕಾರದ ಪುಸ್ತಕದಲ್ಲಿ ನಿಮ್ಮ ಹೆಸರೇ ಇದ್ದರೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ನಮ್ಮ ಹೊಳೆಗಳಲ್ಲಿ ರಾತ್ರಿ ಮರಳು ತೆಗೆಯುವ ದಂಧೆ ಎಲ್ಲರಿಗೂ ಗೊತ್ತು. 2001ರ ಕೇರಳದ ನದಿದಡ ಸಂರಕ್ಷಣೆ ಮತ್ತು ಮರಳು ನಿಯಂತ್ರಣ ಕಾಯ್ದೆಯಡಿ ಅದಕ್ಕೆ ಬಳಸಿದ ಬೋಟು, ಲಾರಿ ಎಲ್ಲ ಜಪ್ತಿಯಾಗುತ್ತವೆ. ನಿಮ್ಮ ಹೆಸರಿನ ಬೋಟು ಅಲ್ಲಿ ಸಿಕ್ಕಿದರೆ "ಮಾರಿ ಆರು ತಿಂಗಳಾಯಿತು ಸಾರ್" ಅನ್ನುವ ಬಾಯಿಮಾತು ನಡೆಯುವುದಿಲ್ಲ. ಕಡಲ ಕಡೆ ಇನ್ನೂ ಬಿಗಿ. 2008ರ ನವೆಂಬರ್ 26ರ ಮುಂಬೈ ದಾಳಿಕೋರರು ಕುಬೇರ್ ಅನ್ನುವ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡು ಬಂದವರು. ಅದಾದ ಮೇಲೆ ಕರಾವಳಿ ಪೊಲೀಸರಿಗೆ ಪ್ರತಿ ಬೋಟಿನ ಮಾಲಿಕ ಯಾರು ಅನ್ನುವುದು ದೊಡ್ಡ ವಿಷಯ. ಅವರು ಕೇಳುವುದು ನ್ಯಾಯವೇ.

ಹಾಗಾಗಿ ಮಾರಾಟ ಪತ್ರಕ್ಕೆ ಸಹಿ ಹಾಕುವ ದಿನವೇ ಹೆಸರು ಬದಲಾವಣೆಯ ಅರ್ಜಿಗೂ ಇಬ್ಬರೂ ಸಹಿ ಹಾಕಿ. ಆಗುವುದಾದರೆ ಜೊತೆಯಾಗಿಯೇ ಕಚೇರಿಗೆ ಹೋಗಿ ಕೊಟ್ಟು, ಮುದ್ರೆ ಹಾಕಿದ ಪ್ರತಿ ತಗೊಳ್ಳಿ. ಅದರ ಜೊತೆ ನೀವು ಪ್ರತ್ಯೇಕವಾಗಿ ಒಂದು ಪತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ: ಇಂಥ ತಾರೀಕು, ಇಂಥ ಗಂಟೆಗೆ, ಇಂಥವರಿಗೆ ಮಾರಿದ್ದೇನೆ ಅಂತ. ಹತ್ತಿರದ ಕರಾವಳಿ ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಬೆಲೆಯ ಮೇಲೆ ಸ್ವಲ್ಪ ಹೆಚ್ಚುವರಿ ದುಡ್ಡನ್ನು ಹೆಸರು ಬದಲಾಗುವವರೆಗೆ ಠೇವಣಿಯಾಗಿ ಹಿಡಿದಿಟ್ಟುಕೊಂಡು, ಹೊಸ ಪತ್ರದ ಪ್ರತಿ ಬಂದ ಮೇಲೆ ವಾಪಸ್ ಕೊಡುವ ಕ್ರಮವೂ ಒಳ್ಳೆಯದು. ಮುಂಚೆಯೇ ಹೇಳಿ ಬರೆದುಕೊಂಡರೆ ಪ್ರಾಮಾಣಿಕರು ಬೇಸರ ಮಾಡಿಕೊಳ್ಳುವುದಿಲ್ಲ. ಬೇಡ ಅಂತ ಹಟ ಹಿಡಿದವರಿಗೆ ಬೋಟು ಕೊಡದಿರುವುದೇ ಒಳ್ಳೆಯದು.

ಕೊಳ್ಳುವವರು ನಮ್ಮ ಭಾವನೇ. ಇದೆಲ್ಲ ಬೇಕಾ?

ಭಾವನಾದರೆ ಇನ್ನೂ ಜಾಸ್ತಿ ಬೇಕು. ಹೊರಗಿನವರ ಜೊತೆ ತಕರಾರಾದರೆ ದುಡ್ಡು ಹೋಗುತ್ತದೆ, ಭಾವನ ಜೊತೆ ಆದರೆ ತಂಗಿಯ ಮನೆಗೆ ಹೋಗುವುದೇ ನಿಲ್ಲುತ್ತದೆ. "ಭಾವ, ಇದು ನಿಮ್ಮ ಒಳ್ಳೆಯದಕ್ಕೂ ಹೌದು" ಅಂತ ಹೇಳಿ ಎಲ್ಲ ಕಾಗದ ಮಾಡಿಸಿ.

ಬೋಟು ತೀರಿಹೋದ ಅಪ್ಪನ ಹೆಸರಿನಲ್ಲಿದೆ. ಅಣ್ಣ ದುಬೈಯಲ್ಲಿದ್ದಾನೆ.

ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ ಎರಡೂ ಬೇಕು. ಎರಡನೆಯದು ತಾಲೂಕು ಕಚೇರಿಯಿಂದ ಸಿಗುತ್ತದೆ, ವಿಚಾರಣೆಗೆ ಸಮಯ ಹಿಡಿಯುತ್ತದೆ. ಅಮ್ಮ, ಅಕ್ಕ, ತಂಗಿ ಸೇರಿ ಎಲ್ಲ ವಾರಸುದಾರರೂ ಸಹಿ ಹಾಕಬೇಕು. ಗಂಡುಮಕ್ಕಳ ಸಹಿ ಸಾಕು ಅನ್ನುವ ಹಳೆಯ ಅಭ್ಯಾಸ ಬಿಡಿ. ದುಬೈಯಲ್ಲಿರುವ ಅಣ್ಣ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದು ಊರಿಗೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಹಾಕಿಸಬೇಕು. ಈ ಬೋಟನ್ನು ಮಾರುವ ಅಧಿಕಾರಕ್ಕೆ ಮಾತ್ರ ಅದು ಸೀಮಿತವಾಗಿರಲಿ.

ಕೊಂಡವರು ಪ್ರವಾಸಿಗರನ್ನು ಕೂರಿಸಿ ಓಡಿಸುತ್ತಾರಂತೆ. ನನಗೇನಾದರೂ ಹೊಣೆ ಇದೆಯಾ?

ಬಾಡಿಗೆಗೆ ಓಡಿಸಲು ಬೇರೆ ಸರ್ವೆ, ಬೇರೆ ಅನುಮತಿ, ಲೈಸೆನ್ಸ್ ಇರುವ ಚಾಲಕ ಬೇಕು. ಅದನ್ನು ಮಾಡಿಸುವ ಹೊಣೆ ಕೊಂಡವರದ್ದು. ನೀವು ಮಾಡಬೇಕಾದದ್ದು "ಸ್ವಂತ ಬಳಕೆಯ ಬೋಟು ಅಂತಲೇ ಮಾರಿದ್ದು, ಇಷ್ಟೇ ಜನ ಕೂರಬಹುದು" ಅಂತ ಪತ್ರದಲ್ಲಿ ಬರೆಯುವುದು, ಬಾಯಲ್ಲೂ ಹೇಳುವುದು. ತಾನೂರಿನ ಸುದ್ದಿ ಓದಿದ ಯಾರಿಗೂ ಇದನ್ನು ಹೇಳಲು ಸಂಕೋಚ ಆಗಬಾರದು.

ಕೊಂಡವರು ಮಂಗಳೂರಿನವರು. ಬೋಟು ಗಡಿ ದಾಟಿಸುವುದು ಹೇಗೆ?

2021ರ ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ಕೊಟ್ಟ ನೋಂದಣಿ ಪತ್ರ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ಆದರೂ ಬೋಟು ಇನ್ನು ಅಲ್ಲೇ ಇರುವುದಾದರೆ ನೋಂದಣಿಯನ್ನು ಅಲ್ಲಿಗೆ ಬದಲಾಯಿಸಿಕೊಳ್ಳಲು ಅವರಿಗೆ ಹೇಳಿ.

ಸಾಗಿಸುವುದಾದರೆ ಎಂಜಿನ್ ಬಿಚ್ಚಿ, ಟ್ಯಾಂಕ್ ಖಾಲಿ ಮಾಡಿ, ಲಾರಿಯಲ್ಲಿ ಹಳೆಯ ಟಯರ್ ಹಾಸಿ ಕೂರಿಸುವುದು ನಮ್ಮ ಕಡೆಯ ರೂಢಿ. ಎಂಜಿನ್ ಮಲಗಿಸುವಾಗ ಯಾವ ಮಗ್ಗುಲು ಕೆಳಗೆ ಬರಬೇಕು ಅಂತ ಕಂಪೆನಿಯ ಪುಸ್ತಕದಲ್ಲಿರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ತಪ್ಪು ಮಗ್ಗುಲಿಗೆ ಮಲಗಿದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ರಸ್ತೆಯಲ್ಲಿ ವಾಹನದ ಅಗಲ 2.6 ಮೀಟರ್ ಮೀರಬಾರದು ಅಂತ ನಿಯಮ ಇದೆ, ಬೋಟು ಅದಕ್ಕಿಂತ ಅಗಲ ಇದೆಯಾ ಅಂತ ಮೊದಲೇ ಅಳೆಯಿರಿ. ತಲಪಾಡಿಯಲ್ಲಿ ಯಾರಾದರೂ ತಡೆದು ಕೇಳಿದರೆ ತೋರಿಸಲು ಮಾರಾಟ ಪತ್ರ, ನೋಂದಣಿ ಪತ್ರದ ಪ್ರತಿ ಡ್ರೈವರ್ ಕೈಯಲ್ಲಿರಲಿ.

"ಲಾರಿ ಯಾಕೆ, ಕಡಲಲ್ಲೇ ಓಡಿಸಿಕೊಂಡು ಹೋಗುತ್ತೇನೆ" ಅನ್ನುವವರಿದ್ದಾರೆ. ಹೊಳೆಗೆ ಮಾತ್ರ ನೋಂದಣಿಯಾದ ಬೋಟಿಗೆ ಅದು ಸಲ್ಲದು. ಕಡಲಿಗೆ ಅರ್ಹತೆ ಇರುವ ಬೋಟಾದರೂ ಅವರ ಹೆಸರಿನ ಇನ್ಶೂರೆನ್ಸ್ ಶುರುವಾದ ಮೇಲೆ, ಕರಾವಳಿ ಪೊಲೀಸರಿಗೆ ತಿಳಿಸಿಯೇ ಹೊರಡಬೇಕು. ಸಮುದ್ರದಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡ್ ನಂಬರ್ 1554.

ಇನ್ಶೂರೆನ್ಸ್, ವಾಕಿಟಾಕಿ, ಜಿಪಿಎಸ್ ಇವೆಲ್ಲ ಬೋಟಿನ ಜೊತೆ ಹೋಗುತ್ತವಾ?

ಪಾಲಿಸಿ ತಾನಾಗಿ ಹೋಗುವುದಿಲ್ಲ. ಮಾಲಿಕರು ಬದಲಾದರೆ ಕಂಪೆನಿ ಒಪ್ಪಬೇಕು, ಇಲ್ಲದಿದ್ದರೆ ಕ್ಲೇಮ್ ಸಿಗುವುದಿಲ್ಲ. ಮಾರಿದ ದಿನವೇ ಕಂಪೆನಿಗೆ ಬರೆಯಿರಿ. ವಾಕಿಟಾಕಿಯ, ಅಂದರೆ ವಿಎಚ್‌ಎಫ್ ಸೆಟ್ಟಿನ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ಅದೂ ತಾನಾಗಿ ಅವರದ್ದಾಗುವುದಿಲ್ಲ. ಜಿಪಿಎಸ್ ಕೊಡುವ ಮುಂಚೆ ನಿಮ್ಮ ಮನೆ, ಕಡವು, ಮೀನಿನ ಜಾಗಗಳನ್ನೆಲ್ಲ ಅಳಿಸಿ.

ಜಿಎಸ್‌ಟಿ ಕಟ್ಟಬೇಕಾ?

ವ್ಯಾಪಾರಕ್ಕಲ್ಲ, ಸ್ವಂತಕ್ಕೆ ಇಟ್ಟುಕೊಂಡಿದ್ದ ಬೋಟನ್ನು ಮಾರುವಾಗ ಇಲ್ಲ. ರೆಸಾರ್ಟಿನ ಅಥವಾ ಕಂಪೆನಿಯ ಹೆಸರಿನಲ್ಲಿದ್ದರೆ ಲೆಕ್ಕ ಬೇರೆ, ನಿಮ್ಮ ಆಡಿಟರ್ ಹತ್ತಿರ ಕೇಳಿ.

ಎರಡು ಸೀಸನ್ ಆಯಿತು, ಯಾರೂ ಕೊಳ್ಳುತ್ತಿಲ್ಲ. ಎಂಜಿನ್ ಮಾತ್ರ ಮಾರಬಹುದಾ?

ಮಾರಬಹುದು, ಹಲವರಿಗೆ ಅದೇ ಲಾಭ. ಒಳ್ಳೆಯ ಔಟ್‌ಬೋರ್ಡ್‌ಗೆ ಕಸಬಾ ಕಡಪ್ಪುರದಿಂದ ಚೆರುವತ್ತೂರಿನವರೆಗೆ ಬೇಡಿಕೆ ಇದ್ದೇ ಇದೆ. ಎಂಜಿನ್‌ನ ಮೂಲ ಬಿಲ್, ಪ್ರತ್ಯೇಕ ಮಾರಾಟ ಪತ್ರ ಕೊಡಿ. ನಿಮ್ಮ ನೋಂದಣಿ ಪತ್ರದಲ್ಲಿ ಆ ಎಂಜಿನ್ ನಂಬರ್ ಇದ್ದರೆ ಅದನ್ನು ತೆಗೆದಿದ್ದೇನೆ ಅಂತ ಬಂದರು ಕಚೇರಿಗೆ ಬರೆದು ಕೊಡಿ. ಉಳಿದ ಮೈಯನ್ನು ಇನ್ನು ನೀರಿಗೆ ಇಳಿಸುವುದಿಲ್ಲವಾದರೆ ನೋಂದಣಿ ರದ್ದು ಮಾಡಿಸಿ. ಆಮೇಲೆ ಬೋಟಿನ ಬದಿಯ ನಂಬರನ್ನು ಉಜ್ಜಿ ತೆಗೆದು, ತೆಗೆದ ಮೇಲಿನ ಒಂದು ಫೋಟೋ ಕಾಗದಗಳ ಜೊತೆ ಇಟ್ಟುಕೊಳ್ಳಿ. ಹಳೆಯ ಫೈಬರನ್ನು ಹೊಳೆ ಬದಿಯಲ್ಲಿ ಎಸೆಯಬೇಡಿ, ಸುಡಬೇಡಿ. ಅದು ಮಣ್ಣಾಗುವ ವಸ್ತುವಲ್ಲ, ಹೊಗೆಯೂ ವಿಷ. ಮೈ ಗಟ್ಟಿ ಇದ್ದರೆ ಫೈಬರ್ ಯಾರ್ಡಿನವರು ಅಚ್ಚಿಗೋ ರಿಪೇರಿ ಕಲಿಸುವುದಕ್ಕೋ ಕಡಿಮೆ ಬೆಲೆಗೆ ತಗೊಳ್ಳುವುದುಂಟು, ಮೊದಲು ಅವರನ್ನು ಕೇಳಿ.